ಕೇಳಿದರೆ ಹೇಳುವವಳು

ಮೊನ್ನೆ ಶಹಾಪುರದ ಬಸ್ ನಿಲ್ದಾಣದಲ್ಲಿ ಹೆಂಗಸೊಬ್ಬಳು ಮೂರ್ಛೆರೋಗ ಬಂದು ಬಿದ್ದಳು. ಯಾರೋ ಮಿರ್ಚಿ ಬಂಡಿಯಿಂದ ಉಳ್ಳಾಗಡ್ಡಿ ತಂದು, ಜಜ್ಜಿ ಅವಳ ಮೂಗಿಗೆ ಹಿಡಿದರು. ಅದರಿಂದ ಏನೂ ಉಪಯೋಗವಿಲ್ಲವೆಂದು ಡಾಕ್ಟರು ನಮಗೆ ಎಂದೋ ಹೇಳಿದ್ದರು. ಆದರೂ ಆ ಘಾಟು ಬಡಿದ ಕೂಡಲೇ ಪಕ್ಕದ ಮನೆಯ ದೊಡ್ಡವ್ವ ನೆನಪಾದಳು...

ನನ್ನ ಅಕ್ಕನಿಗೂ ಅದೇ ಕಾಯಿಲೆಯಿತ್ತು. ಅವಳು ಬಿದ್ದಾಗಲೆಲ್ಲ ಜಜ್ಜಿದ ಉಳ್ಳಾಗಡ್ಡಿ ಹಿಡಿದು ಮೊದಲು ಓಡಿ ಬರುತ್ತಿದ್ದವಳು ದೊಡ್ಡವ್ವ. ಅವಳು ನಮಗೆ ಸಂಬಂಧಿಕಳಲ್ಲ. ಗಂಡ ಸತ್ತಿದ್ದ, ಇದ್ದೊಬ್ಬ ಮಗಳನ್ನು ಸುರಪುರಕ್ಕೆ ಕೊಟ್ಟಿದ್ದಳು, ಕಂಡವರ ಹೊಲದಲ್ಲಿ ಹತ್ತಿ ಬಿಡಿಸಿ ಬದುಕುತ್ತಿದ್ದಳು. ಅಕ್ಕನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬಾಯಿಯ ನೊರೆಯನ್ನು ತನ್ನ ಸೆರಗಿನಿಂದಲೇ ಒರೆಸುತ್ತಿದ್ದಳು.

ಕಾಲುವೆಗೆ ನೀರು ಬಿಟ್ಟ ಹೊಸತು. ಶಿರವಾಳದ ಕಡೆಯ ನಮ್ಮ ಊರಿಗೆ ಅದಿನ್ನೂ ಮುಟ್ಟಿರಲಿಲ್ಲ. ಕಾಲುವೆ ದಂಡೆಯ ಊರಿನಿಂದ, ನೀರಾವರಿ ಹೊಲವಿದ್ದ ಮನೆಯವರು ಅಕ್ಕನನ್ನು ನೋಡಲು ಬರುತ್ತೇವೆಂದು ಹೇಳಿ ಕಳಿಸಿದಾಗ ಅವ್ವನ ಕಾಲು ನೆಲದ ಮೇಲಿರಲಿಲ್ಲ. ನೇರವಾಗಿ ದೊಡ್ಡವ್ವನ ಮನೆಗೆ ಹೋದಳು.

"ಯಕ್ಕಾ, ಹುಡುಗಿ ಜಡ್ಡಿನ ಸುದ್ದಿ ಅವರ ಮುಂದ ಬಾಯಿ ಬಿಡಬ್ಯಾಡ."

"ನಾನಾಗಿ ಹೋಗಿ ಹೇಳಂಗಿಲ್ಲ ತಂಗಿ. ಕೇಳಿದ್ರ ಮಾತ್ರ ಸುಳ್ಳು ಹೇಳಾಕ ಆಗಂಗಿಲ್ಲ. ನೀನ ಮೊದಲ ಹೇಳಿಬಿಡು. ಮದುವಿ ಆದ ಮ್ಯಾಲ ಗೊತ್ತಾದ್ರ ಬಡದು ಹೊರಗ ಹಾಕ್ತಾರ."

ಅವ್ವ ಹೇಳಲಿಲ್ಲ. ಬಂದವರು ಅವಲಕ್ಕಿ ತಿಂದರು, ಅಕ್ಕನನ್ನು ಮೆಚ್ಚಿದರು. ಹೊರಡುವಾಗ ಹುಡುಗನ ತಾಯಿ ಪಕ್ಕದ ಅಂಗಳಕ್ಕೆ ಹೋಗಿ, "ಹುಡುಗಿ ಆರಾಮ ಅದಾಳೇನ್ರಿ?" ಎಂದು ಕೇಳಿದಳು. ನಾನು ಗೋಡೆಯ ಈಚೆ ನಿಂತಿದ್ದೆ. ದೊಡ್ಡವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಬಂಗಾರದಂಥ ಹುಡುಗಿ ಅದಾಳ್ರಿ. ಆಗಾಗ ಮೂರ್ಛಿ ಬರ್ತದ. ಗುಳಗಿ ತಗೊಂಡ್ರ ಕಡಿಮಿ ಇರ್ತದ. ನನಗೊಬ್ಬ ಮಗ ಇದ್ದಿದ್ರ ನಾನ ತಂದ್ಕೋತಿದ್ದೆ."

ಅವರು ಮತ್ತೆ ಬರಲಿಲ್ಲ.

"ನನ್ನ ಮಗಳ ಬಾಳಿಗಿ ಮಣ್ಣು ಹಾಕಿದೆಲ್ಲ!" ಎಂದು ಅವ್ವ ಓಣಿ ಕೇಳುವಂತೆ ಕೂಗಾಡಿದಳು. ದೊಡ್ಡವ್ವ ಎಂದಿನಂತೆ ಹತ್ತಿ ಬಿಡಿಸಲು ಹೊಲಕ್ಕೆ ಹೋದಳು. ಅಕ್ಕನ ಮದುವೆಯಾಗದೆ ನನ್ನದೂ ಆಗುವಂತಿರಲಿಲ್ಲ, ನನಗೂ ಸಿಟ್ಟು. ಬೋರಿನ ಹತ್ತಿರ ಸಿಕ್ಕರೆ ಮುಖ ತಿರುಗಿಸುತ್ತಿದ್ದೆ.

ಎರಡು ವರ್ಷ ಮಾತಿರಲಿಲ್ಲ. ಆದರೆ ಅಕ್ಕ ಬಿದ್ದರೆ ಅವಳು ಬರುತ್ತಿದ್ದಳು. ಅವ್ವ ಬಾಗಿಲಿನಿಂದ ಸರಿದು ದಾರಿ ಬಿಡುತ್ತಿದ್ದಳು. ಅಕ್ಕ ಕಣ್ಣು ಬಿಟ್ಟ ಮೇಲೆ ದೊಡ್ಡವ್ವ ಎದ್ದು, ಯಾರನ್ನೂ ನೋಡದೆ ಹೋಗಿಬಿಡುತ್ತಿದ್ದಳು...

ಆಮೇಲೆ ಗುರುಮಠಕಲ್ ಕಡೆಯಿಂದ ಒಂದು ಸಂಬಂಧ ಬಂತು. "ಈ ಸಲ ನಾವ ಹೇಳಿಬಿಡೋಣು," ಎಂದಳು ಅವ್ವ, "ಮುಚ್ಚಿಟ್ರೂ ಆ ಪಕ್ಕದಾಕಿ ಬಿಡಂಗಿಲ್ಲ." ಹೇಳಿದೆವು. ಹುಡುಗ, "ಯಾವ ಗುಳಗಿ ತಗೋತಾರ್ರಿ?" ಎಂದಷ್ಟೇ ಕೇಳಿದ. ಅಕ್ಕ ಇಂದಿಗೂ ಆ ಮನೆಯಲ್ಲಿದ್ದಾಳೆ, ಗುಳಿಗೆಯೂ ನಡೆದಿದೆ.

ಮದುವೆಗೆ ದೊಡ್ಡವ್ವನನ್ನು ಕರೆಯಲಿಲ್ಲ. ಗಂಡನ ಮನೆಗೆ ಹೊರಟ ಜೀಪು ಹತ್ತುವ ಮುಂಚೆ ಅಕ್ಕ ತಾನೇ ಹೋಗಿ ಅವಳ ಕಾಲಿಗೆ ಬಿದ್ದು ಬಂದಳು. ನಾನು ಜೀಪಿನ ಹತ್ತಿರವೇ ನಿಂತಿದ್ದೆ. ಮುಂದೆ ದೊಡ್ಡವ್ವ ಸುರಪುರದ ಮಗಳ ಮನೆ ಸೇರಿ, ಅಲ್ಲೇ ತೀರಿಕೊಂಡಳು. ತಿಂಗಳಾದ ಮೇಲೆ ಬಳೆ ಮಾರುವವಳಿಂದ ಸುದ್ದಿ ತಿಳಿಯಿತು. ಅವ್ವ "ಹೌದೇನು?" ಎಂದು ಒಲೆಯ ಕಡೆ ತಿರುಗಿದಳು.

ಈಗ ನಾನು ಯಾದಗಿರಿಯಲ್ಲಿ ಶಿಕ್ಷಕಿ. ಹೋದ ತಿಂಗಳು ಹೆಣ್ಣಿನ ತಾಯಿಯೊಬ್ಬಳು ಫೋನ್ ಮಾಡಿ ನಮ್ಮ ಓಣಿಯ ಹುಡುಗನ ಬಗ್ಗೆ ವಿಚಾರಿಸಿದಳು. ಅವನು ದಿನಾ ಕುಡಿಯುವುದು ಓಣಿಗೆಲ್ಲ ಗೊತ್ತು. ಬೆಳಗಾದರೆ ಅವನ ತಾಯಿಯ ಮುಖ ನೋಡಬೇಕಲ್ಲ... "ಛಲೋ ಹುಡುಗ ಅದಾನ್ರಿ" ಅಂದುಬಿಟ್ಟೆ.

"ನೀವು ಹೇಳಿದ್ರಲ್ರೀ ಟೀಚರ್, ಈಗ ಜೀವಕ್ಕ ಸಮಾಧಾನ ಆತು" ಎಂದಳು ಆಕೆ.

ಲಗ್ನಪತ್ರಿಕೆ ನಮ್ಮ ಮನೆಗೂ ಬಂದಿದೆ. ಹೆಣ್ಣಿನ ತಾಯಿಯ ನಂಬರು ಫೋನಿನಲ್ಲಿದೆ. ದಿನಾ ತೆಗೆಯುತ್ತೇನೆ, ನೋಡಿ ಇಟ್ಟುಬಿಡುತ್ತೇನೆ. ಆ ದಿನ ಗೋಡೆಯಾಚೆ ನೀನು ಬಾಯಿ ತೆರೆಯುವ ಮುಂಚೆ ಸುಮ್ಮನೆ ನಿಂತಿದ್ದೆಯಲ್ಲ, ಆಗ ನಿನಗೂ ಹೆದರಿಕೆ ಆಗಿತ್ತೇ ಎಂದು ದೊಡ್ಡವ್ವನನ್ನು ಕೇಳಬೇಕಿತ್ತು. ಮುಖ ತಿರುಗಿಸಿಕೊಂಡು ಓಡಾಡಿದ ಅಷ್ಟು ದಿನಗಳಲ್ಲಿ ಕೇಳಲಿಲ್ಲ. ಈಗ ಕೇಳಲು ಅವಳಿಲ್ಲ.