ರಂಗಪ್ಪ ನಿಜ ಹೇಳಿದ ಭಾನುವಾರ

ಭದ್ರಾವತಿಯ ಜನ್ನಾಪುರದಲ್ಲಿ ರಂಗಪ್ಪನ ಮನೆ ಯಾವುದೆಂದು ಕೇಳಿದರೆ ಜನ ದಾರಿ ತೋರಿಸುವ ಮುಂಚೆ ಒಂದು ಬುದ್ಧಿಮಾತು ಹೇಳುತ್ತಿದ್ದರು. ನಿಂತುಕೊಂಡೇ ಮಾತಾಡಿ ಬನ್ನಿ, ಕೂತಿರೋ ಕೆಟ್ಟಿರಿ. ಕೂತವರಿಗೆ ಒಂದು ಲೋಟ ಕಾಫಿ, ಜೊತೆಗೆ ಒಂದು ಕಥೆ. ಕಾಫಿ ಮುಗಿಯುತ್ತಿತ್ತು, ಕಥೆ ಮುಗಿಯುತ್ತಿರಲಿಲ್ಲ. ಸೋಗಾನೆಯಲ್ಲಿ ವಿಮಾನ ನಿಲ್ದಾಣ ಶುರುವಾದ ಹೊಸತರಲ್ಲಿ ಒಂದು ವಿಮಾನ ದಾರಿ ತಪ್ಪಿ ಜನ್ನಾಪುರದ ಮೇಲೆ ಸುತ್ತು ಹಾಕುತ್ತಿತ್ತಂತೆ. ತಾರಸಿಯ ಮೇಲೆ ಸಂಡಿಗೆ ಕಾಯುತ್ತಿದ್ದ ರಂಗಪ್ಪನನ್ನು ಪೈಲಟ್ಟು ಕಿಟಕಿಯಿಂದ ಕತ್ತು ಹೊರಗೆ ಹಾಕಿ ದಾರಿ ಕೇಳಿದನಂತೆ. ನೇರ ಹೋಗಿ ಎಡಕ್ಕೆ ತಿರುಗಪ್ಪ ಎಂದು ಹೇಳಿ ಕಳಿಸಿದ್ದಕ್ಕೆ ಆ ಪುಣ್ಯಾತ್ಮ ಇವತ್ತಿಗೂ ಈ ಕಡೆ ಬಂದಾಗ ರೆಕ್ಕೆ ಅಲ್ಲಾಡಿಸಿ ಹೋಗುತ್ತಾನಂತೆ. ಇದನ್ನು ಕೇಳಿದ ಹೆಂಡತಿ ಈಶ್ವರಮ್ಮ ಆ ಸಂಡಿಗೆಯನ್ನು ಕಾಗೆ ತಿಂದಿತ್ತು ಎನ್ನುವುದಷ್ಟೇ ನಿಜ ಎನ್ನುತ್ತಿದ್ದಳು.

ಶಿವಮೊಗ್ಗ ರಸ್ತೆಯ ಒಂದು ಫೌಂಡ್ರಿಯಲ್ಲಿ ರಂಗಪ್ಪ ಇಪ್ಪತ್ತೊಂಬತ್ತು ವರ್ಷ ಕಬ್ಬಿಣ ಕರಗಿಸಿದವನು. ಫೌಂಡ್ರಿ ಮುಚ್ಚಿ ಒಂಬತ್ತು ವರ್ಷವಾಯಿತು. ಮುಚ್ಚಿದ್ದಕ್ಕಿಂತ ಅವನಿಗೆ ಕಷ್ಟವಾದದ್ದು, ಮಾತು ಕೇಳುವ ಕಿವಿಗಳು ಒಂದೇ ದಿನದಲ್ಲಿ ಚದುರಿಹೋದದ್ದು. ಜಗಲಿಯ ಮೇಲೆ ಕೂತರೆ ಪರಿಚಯದವರು ಆಚೆ ಬದಿಯಿಂದ ನಡೆದುಹೋಗುತ್ತಿದ್ದರು. ಒಂದು ವರ್ಷದಲ್ಲಿ ಮನುಷ್ಯ ಅರ್ಧ ಆದ. ಊಟಕ್ಕೆ ಕರೆದರೆ ಬರುತ್ತಿದ್ದ, ಬಂದರೆ ಸುಮ್ಮನೆ ಉಣ್ಣುತ್ತಿದ್ದ. ರಂಗಪ್ಪ ಸುಮ್ಮನೆ ಉಣ್ಣುವುದನ್ನು ನೋಡಿ ಈಶ್ವರಮ್ಮನಿಗೆ ಜೀವವೇ ಹಾರಿಹೋಯಿತು.

ಅವಳೇ ಅವನನ್ನು ಒಂದು ಭಾನುವಾರ ಶಿವಮೊಗ್ಗದ ವಿನೋಬನಗರದಿಂದ ಹೊರಡುವ ಟ್ರಿಪ್ಪಿನ ಗಾಡಿ ಹತ್ತಿಸಿದ್ದು. ರೇಣುಕಾಪ್ರಸಾದ ಎಂಬುವನ ಟೆಂಪೋ ಟ್ರಾವೆಲರ್ ಅದು. ಬೆಳಗಿನ ಜಾವ ಹೊರಟು, ಆಗುಂಬೆ ಘಾಟಿ ಇಳಿದು, ಬಾರ್ಕೂರು ಎಂಬ ಹಳೇ ರಾಜಧಾನಿ ನೋಡಿ, ಮಧ್ಯಾಹ್ನ ಮಲ್ಪೆಯಿಂದ ದೋಣಿ ಹತ್ತಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿ ವಾಪಸ್ಸು. ಅವತ್ತು ಗೈಡಿಗೆ ಗಂಟಲು ಕಟ್ಟಿತ್ತು. ರಂಗಪ್ಪನ ಗಂಟಲು ಒಂದು ವರ್ಷದಿಂದ ಖಾಲಿ ಇತ್ತು. ಅವನು ಬಾಯಿ ತೆಗೆದದ್ದು ತೀರ್ಥಹಳ್ಳಿಯಲ್ಲಿ, ಮುಚ್ಚಿದ್ದು ರಾತ್ರಿ ವಿನೋಬನಗರದಲ್ಲಿ. ಮುಂದಿನ ಭಾನುವಾರ ಬುಕ್ ಮಾಡಿದವರು ಆ ಅಜ್ಜ ಬರುತ್ತಾರಾ ಎಂದು ಕೇಳಿದರು. ಹಾಗೆ ರಂಗಪ್ಪ ಗೈಡಾದ. ಎದುರಿಗೆ ಹದಿನಾಲ್ಕು ಜನ, ಅದೂ ಬೆಲ್ಟು ಹಾಕಿಕೊಂಡು ಕೂತವರು, ಎದ್ದು ಹೋಗುವ ಹಾಗಿಲ್ಲ! ಬೆಲ್ಟು ಕಂಡುಹಿಡಿದವನಿಗೆ ಅವನು ದಿನಾ ಮನಸ್ಸಿನಲ್ಲೇ ಕೈ ಮುಗಿಯುತ್ತಿದ್ದ.

ಏಳು ವರ್ಷ ಚೆನ್ನಾಗಿ ನಡೆಯಿತು. ಬಾರ್ಕೂರಿನಲ್ಲಿ ಹಿಂದೆ ದಿನಕ್ಕೊಂದರಂತೆ ಮುನ್ನೂರ ಅರವತ್ತೈದು ದೇವಸ್ಥಾನ ಇದ್ದವೆಂದು ಅಲ್ಲಿಯ ಜನ ಹೇಳುತ್ತಾರೆ. ರಂಗಪ್ಪನ ಲೆಕ್ಕದಲ್ಲಿ ಮುನ್ನೂರ ಅರವತ್ತಾರು. ಆ ಕೊನೆಯದಕ್ಕೆ ನಾಲ್ಕು ವರ್ಷಕ್ಕೊಂದು ದಿನ, ಫೆಬ್ರವರಿ ಇಪ್ಪತ್ತೊಂಬತ್ತಕ್ಕೆ ಮಾತ್ರ ಪೂಜೆ, ಅದಕ್ಕೇ ಅಲ್ಲಿನ ಭಟ್ಟರು ಅಷ್ಟು ದಪ್ಪ. ಇನ್ನು ದ್ವೀಪದ ಕಲ್ಲುಗಳು. ಸಮುದ್ರದ ನಡುವೆ ಐದು ಮೂಲೆ, ಆರು ಮೂಲೆಯ ಕಂಬಗಳನ್ನು ಯಾರೋ ಪೇರಿಸಿಟ್ಟ ಹಾಗೆ ನಿಂತಿವೆ. ಅವೆಲ್ಲ ಇಂಗ್ಲೆಂಡಿನ ರಾಣಿಯ ಮನೆಗೆಂದು ಭದ್ರಾವತಿಯಲ್ಲಿ ಎರಕ ಹೊಯ್ದು ಕಳಿಸಿದ ಕಂಬಗಳು, ಹಡಗು ಭಾರ ತಡೆಯದೆ ಇಲ್ಲೇ ಇಳಿಸಿ ಹೋಯಿತು, ರಾಣಿ ಪಾಪ ಮರದ ಕಂಬದಲ್ಲೇ ಸುಧಾರಿಸಿಕೊಂಡಳು ಎಂದು ರಂಗಪ್ಪ ಹೇಳುತ್ತಿದ್ದ. ಜನ ನಗುತ್ತಿದ್ದರು. ಎಲ್ಲರೂ ನಗುತ್ತಿದ್ದಾರೆಂದು ಅವನು ನಂಬಿದ್ದ.

ಒಬ್ಬ ಹುಡುಗ ನಕ್ಕಿರಲಿಲ್ಲ, ಬರೆದುಕೊಂಡಿದ್ದ. ಒಂಬತ್ತನೇ ಕ್ಲಾಸಿನ ಪರೀಕ್ಷೆಯಲ್ಲಿ ಈ ಕಲ್ಲುಕಂಬಗಳು ಹೇಗಾದವು ಎಂಬ ಪ್ರಶ್ನೆ ಬಂತು. ಹುಡುಗ ರಾಣಿಯ ಸಮೇತ ಎರಡು ಪುಟ ತುಂಬಿಸಿ ಸೊನ್ನೆ ತಗೊಂಡ. ಪೇಪರ್ ತಿದ್ದಿದ ಸಮಾಜ ವಿಜ್ಞಾನದ ಟೀಚರ್ ಸಮತಾ ನೇರ ರೇಣುಕಾಪ್ರಸಾದನ ಆಫೀಸಿಗೆ ಹೋದಳು. ಅವನಿಗೆ ಸ್ಕೂಲು ಟ್ರಿಪ್ಪುಗಳೇ ಅನ್ನ ಕೊಡುವ ದೇವರು. ಮುಂದಿನ ಭಾನುವಾರ ತಾವೇ ಬನ್ನಿ, ಅಜ್ಜನ ಮಾತು ಕೇಳಿ, ಇರಲಿ ಅಂದರೆ ಇರಲಿ, ಬೇಡ ಅಂದರೆ ಬೇಡ ಎಂದುಬಿಟ್ಟ. ಆಮೇಲೆ ರಂಗಪ್ಪನಿಗೆ ಫೋನು ಮಾಡಿದ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ರಂಗಪ್ಪಣ್ಣ, ಒಂದೇ ಒಂದು ದಿನ ಸುಳ್ಳು ಬಿಟ್ಟು ಮಾತಾಡಿ. ಆಮೇಲೆ ನನ್ನ ಕೈಲಿಲ್ಲ" ಎಂದ.

ರಂಗಪ್ಪ ಆ ವಾರ ಪೂರ್ತಿ ಲೈಬ್ರರಿಯಿಂದ ತಂದ ಪುಸ್ತಕ ಓದಿದ. ಭಾನುವಾರ ಹೊರಡುವಾಗ ಈಶ್ವರಮ್ಮ ಅವನನ್ನು ಆಂಜನೇಯನ ಪಟದ ಮುಂದೆ ನಿಲ್ಲಿಸಿ, ಇವತ್ತು ನನ್ನ ಬಾಯಲ್ಲಿ ಸುಳ್ಳು ಬರಲ್ಲ ಎಂದು ಆಣೆ ಮಾಡಿಸಿದಳು. ಒಂದು ದಿನ ನಿಜ ಹೇಳಿದರೆ ನಾಲಿಗೆಯೇನೂ ಸವೆಯುವುದಿಲ್ಲ ಎಂದಳು. ಜೊತೆಗೆ ಪಕ್ಕದ ಬೀದಿಯ ಮಾಸ್ತಮ್ಮನನ್ನೂ ಗಾಡಿ ಹತ್ತಿಸಿದಳು. ಮಾಸ್ತಮ್ಮನ ಗಂಡ ಜನಾರ್ದನ ಫೌಂಡ್ರಿಯಲ್ಲಿ ರಂಗಪ್ಪನ ಜೊತೆಗಾರ. ಅವನು ತೀರಿಕೊಂಡು ನಾಲ್ಕು ವರ್ಷ. ಅಂದಿನಿಂದ ಮಾಸ್ತಮ್ಮ ರೇಷನ್ ಅಂಗಡಿ ಬಿಟ್ಟು ಇನ್ನೆಲ್ಲಿಗೂ ಹೋದವಳಲ್ಲ.

ನಿಜ ಹೇಳುವುದು ಎಷ್ಟು ಕಷ್ಟ ಎಂದು ಗೊತ್ತಾಗಬೇಕಾದರೆ ಅವತ್ತು ಆ ಗಾಡಿಯಲ್ಲಿ ಕೂರಬೇಕಿತ್ತು. ಹೊಳೆಹೊನ್ನೂರಿನ ಶಿವರಾಜ್ ಎಂಬಾತ ಎರಡನೇ ಸಲ ಬಂದಿದ್ದ. ಈ ಅಜ್ಜನ ಬಾಯಿ ಕೇಳಿ ಎಂದು ನೆಂಟರನ್ನೆಲ್ಲ ಕಟ್ಟಿಕೊಂಡು ಬಂದಿದ್ದ. ರಂಗಪ್ಪ ಆಗುಂಬೆಯಲ್ಲಿ ಇದು ಆಗುಂಬೆ ಎಂದ. ಬಾರ್ಕೂರಿನಲ್ಲಿ ಇಳಿದು, ಇದು ಆಳುಪರೆಂಬ ರಾಜರ ರಾಜಧಾನಿಯಾಗಿತ್ತು ಎಂದ. ಕತ್ತಲೆ ಬಸದಿಯ ಮುಂದೆ ನಿಂತು, ಇದು ಕತ್ತಲೆ ಬಸದಿ ಎಂದ. ದೇವಸ್ಥಾನದ ಲೆಕ್ಕ ಬಂದಾಗ ನಾಲಿಗೆ ಮುನ್ನೂರ ಅರವತ್ತಾರರ ಹೊಸ್ತಿಲ ತನಕ ಹೋಯಿತು. ಸಮತಾ ಟೀಚರ್ ನೋಟ್‌ಬುಕ್ ಬಿಚ್ಚಿದ್ದಳು. ನಾಲಿಗೆ ಹಿಂದೆ ಬಂತು. ನೆಂಟರು ಶಿವರಾಜನ ಮುಖ ನೋಡಿದರು. ಶಿವರಾಜ್ ಅಜ್ಜನಿಗೆ ಮೈ ಹುಷಾರಿಲ್ಲವೇನೋ ಎಂದು ಡ್ರೈವರನ ಹತ್ತಿರ ವಿಚಾರಿಸಿದ.

ಮಧ್ಯಾಹ್ನ ದೋಣಿ ದ್ವೀಪ ಮುಟ್ಟಿತು. ಕಪ್ಪು ಕಂಬಗಳ ಮೇಲೆ ಬಿಸಿಲು, ಕೆಳಗೆ ನೊರೆ. ಎಲ್ಲರೂ ಫೋಟೋ ತೆಗೆಸಿಕೊಂಡು ಮುಗಿದ ಮೇಲೆ ರಂಗಪ್ಪ ನೆರಳಲ್ಲಿ ಕೂರಿಸಿ, ಓದಿದ್ದನ್ನು ಒಪ್ಪಿಸಿದ. ಎಂಟು ಕೋಟಿ ವರ್ಷಕ್ಕೂ ಹಿಂದೆ ನಮ್ಮ ದೇಶವೂ ಆಫ್ರಿಕಾದ ಹತ್ತಿರದ ಮಡಗಾಸ್ಕರ್ ದ್ವೀಪವೂ ಒಂದೇ ನೆಲವಾಗಿದ್ದವು, ಆ ನೆಲ ಸೀಳುವಾಗ ಒಳಗಿಂದ ಉಕ್ಕಿದ ಬೆಂಕಿಯ ರಸ ಹೀಗೆ ಕಂಬವಾಗಿ ಗಟ್ಟಿಯಾಯಿತು ಎಂದ.

ಗೊಳ್ಳೆಂದು ನಕ್ಕರು. ಬೆಳಗಿನಿಂದ ಇದೊಂದಕ್ಕೇ ನಕ್ಕದ್ದು. ರಾಣಿಯ ಹಡಗನ್ನು ನಂಬುವವರಾದರೂ ಸಿಗುತ್ತಾರೆ, ನಿಜವನ್ನು ನಂಬುವವರಿಲ್ಲವಲ್ಲ ಎನ್ನಿಸಿತು ರಂಗಪ್ಪನಿಗೆ.

"ಅಜ್ಜ, ಇದು ಸ್ವಲ್ಪ ಜಾಸ್ತಿ ಆಯ್ತು ಮಾರಾಯ" ಎಂದ ಶಿವರಾಜ್. "ಬೆಂಕಿಗೆ ಆರು ಮೂಲೆ ಕೊಯ್ಯೋಕೆ ಬರುತ್ತಾ? ನೀವು ನೋಡಿದೀರಾ?"

ಪುಸ್ತಕದಲ್ಲಿ ಇದಕ್ಕೆ ಉತ್ತರವಿರಲಿಲ್ಲ, ರಂಗಪ್ಪನ ಹತ್ತಿರ ಇತ್ತು. ನೋಡಿದೀನಿ ಎಂದುಬಿಟ್ಟ. ಕಬ್ಬಿಣ ಕರಗಿಸಿದಾಗ ಅದರ ಮೇಲೆ ಕಿಟ್ಟ ತೇಲುತ್ತದೆ, ಅದೂ ಕಲ್ಲಿನ ರಸವೇ, ಅದನ್ನು ಬೇರೆ ಬಕೆಟ್ಟಿಗೆ ಬಿಡುತ್ತೇವೆ, ಒಂದು ದಿನ ಅದು ನೆಲದ ಮೇಲೆ ಚೆಲ್ಲಿತು, ತಣ್ಣಗಾಗುವುದನ್ನು ಕೂತು ನೋಡಿದೆ ಎಂದ. ಮೊದಲು ಮೇಲೆ ಕರಿ ಚರ್ಮ ಕಟ್ಟಿತು. ಆಮೇಲೆ ಟಕ್ ಟಕ್ ಎಂದು ಸದ್ದು. ಬೇಸಿಗೆಯಲ್ಲಿ ಕೆರೆಯ ಕೆಸರು ಒಡೆಯುತ್ತದಲ್ಲ, ಹಾಗೆ ಬಿರುಕು. ಬಿರುಕು ಬಿರುಕಿಗೆ ಸೇರಿ ಐದು ಮೂಲೆ, ಆರು ಮೂಲೆ. ತಣ್ಣಗಾದಷ್ಟೂ ಬಿರುಕು ಒಳಗೆ ಇಳಿಯಿತು. ಮಾರನೇ ದಿನ ಹಾರೆ ಹಾಕಿ ಎಬ್ಬಿಸಿದರೆ ಬೆರಳುದ್ದದ ಕಂಬಗಳು ಎದ್ದುಬಂದವು, ಥೇಟ್ ಇವೇ. ಸಮತಾ ಟೀಚರ್ ಬರೆಯುವುದನ್ನು ನಿಲ್ಲಿಸಿ ತಲೆ ಎತ್ತಿದಳು.

"ನೆಲದ ಮೇಲೆ ಹ್ಯಾಗೆ ಚೆಲ್ತು ರಂಗಪ್ಪನೋರೆ?" ಎಂದಳು.

ರಂಗಪ್ಪ ಕಣ್ಣೆತ್ತಿದ. ಎದುರಿಗೆ ಮಾಸ್ತಮ್ಮ ಸೆರಗು ತಲೆಗೆ ಹೊದ್ದು ಕೂತಿದ್ದಳು.

ಇಪ್ಪತ್ತಾರು ವರ್ಷದಿಂದ ಈ ಪ್ರಶ್ನೆಗೊಂದು ಸಿದ್ಧ ಉತ್ತರ ಇತ್ತು. ಮಳೆಗೆ ಚಾವಣಿಯ ಶೀಟು ಸೋರಿ ನೆಲ ಒದ್ದೆಯಾಗಿತ್ತು, ಒದ್ದೆ ನೆಲಕ್ಕೆ ಕಿಟ್ಟ ತುಳುಕಿ ಸಿಡಿಯಿತು ಅಂತ. ಆ ಉತ್ತರ ಜನಾರ್ದನ ಮಾಡಿಕೊಟ್ಟದ್ದು. ಸಾವಿರ ಸುಳ್ಳು ಹೇಳಿದ ರಂಗಪ್ಪನ ಬಾಯಲ್ಲಿ ಅವನದಲ್ಲದ ಸುಳ್ಳು ಅದೊಂದೇ. ಅದನ್ನೇ ಈಗಲೂ ಹೇಳಬಹುದಿತ್ತು. ಟೀಚರಿಗೆ ಗೊತ್ತಾಗುತ್ತಿರಲಿಲ್ಲ, ಕೆಲಸ ಉಳಿಯುತ್ತಿತ್ತು. ಆಣೆ ಮಾಡದೆ ಇದ್ದಿದ್ದರೆ ಹೇಳಿಯೂ ಬಿಡುತ್ತಿದ್ದ. ನಿಜ ಹೇಳಿದರೆ, ಇಂಥ ದಡ್ಡನ ಜೊತೆ ಮಕ್ಕಳನ್ನು ಕಳಿಸುವುದು ಹೇಗೆ ಎಂದು ಅದೇ ಟೀಚರ್ ಕೇಳಿದರೂ ಕೇಳಿದಳೇ.

"ನಾನೇ ನೀರು ಚಿಮುಕಿಸಿದ್ದೆ" ಎಂದ.

ಏಪ್ರಿಲ್ ತಿಂಗಳು. ಕುಲುಮೆಯ ಮುಂದೆ ನೆಲ ಕಾಲು ಸುಡುತ್ತಿತ್ತು. ಮನೆಯಲ್ಲಿ ಅವ್ವ ದಿನಾ ಬೆಳಿಗ್ಗೆ ಅಂಗಳಕ್ಕೆ ನೀರು ಹಾಕುತ್ತಿದ್ದಳು, ಸಂಜೆ ಬಿಸಿಲಿಳಿದ ಮೇಲೆ ತಂಪಿಗೆಂದು ಇನ್ನೊಂದು ಸಲ. ಆ ಕೈ ರಂಗಪ್ಪನಿಗೂ ಬಂದಿತ್ತು. ಊಟಕ್ಕೆ ಕೂರುವ ಜಾಗ ತಂಪಾಗಲಿ ಎಂದು ಒಂದು ಚೊಂಬು ನೀರನ್ನು ಅಂಗಳಕ್ಕೆ ಹಾಕಿದ ಹಾಗೆ ಹಾಕಿಬಿಟ್ಟ. ಕುಲುಮೆಯ ಹತ್ತಿರ ಹನಿ ನೀರು ಬೀಳಬಾರದೆಂದು ಮೊದಲ ದಿನವೇ ಕಲಿಸಿರುತ್ತಾರೆ. ಬಕೆಟ್ಟು ತುಳುಕಿತು, ಕಿಟ್ಟದ ಕೆಳಗೆ ಸಿಕ್ಕಿದ ನೀರು ಬಾಂಬಿನ ಹಾಗೆ ಸಿಡಿಯಿತು. ಜನಾರ್ದನ ಅವನ ಬೆಲ್ಟು ಹಿಡಿದು ಎಳೆದು ಗೋಡೆಗೆ ಒತ್ತಿ, ತನ್ನ ಬೆನ್ನು ಕೊಟ್ಟು ನಿಂತ. ಬೆನ್ನು ಸುಟ್ಟುಹೋಯಿತು. ಮೇಸ್ತ್ರಿ ಓಡಿಬಂದು ನೀರೆಲ್ಲಿಂದ ಬಂತು ಎಂದು ಕೇಳಿದಾಗ, ರಂಗಪ್ಪ ಬಾಯಿ ಬಿಡುವ ಮುಂಚೆ ಜನಾರ್ದನನೇ ಹೇಳಿದ, ರಾತ್ರಿ ಮಳೆ ಬಂದು ಶೀಟು ಸೋರಿದೆ ಅಂತ. ಆಸ್ಪತ್ರೆಯ ಗಾಡಿ ಬರುವ ತನಕ ಇಬ್ಬರೂ ಗೋಡೆಯ ಹತ್ತಿರವೇ ಕೂತಿದ್ದರು, ಎದುರಿಗೆ ಕಿಟ್ಟ ಒಡೆಯುತ್ತಿತ್ತು. ರಂಗಪ್ಪನ ಜೀವ ಉಳಿಯಿತು, ಕೆಲಸವೂ ಉಳಿಯಿತು. ಸಾಹುಕಾರರು ಹೊಸ ಶೀಟು ಹಾಕಿಸಿದರು, ಅದು ಬೇರೆ.

ಇಷ್ಟನ್ನೂ ಅವನು ಕಂಬಗಳನ್ನೇ ನೋಡುತ್ತ ಹೇಳಿದ. ಯಾರೂ ನಗಲಿಲ್ಲ. ಶಿವರಾಜನ ನೆಂಟರೊಬ್ಬರು ಕಡಲೆಕಾಯಿ ಸುಲಿಯುವುದನ್ನು ನಿಲ್ಲಿಸಿದ್ದರು. ಆಮೇಲೆ ರಂಗಪ್ಪ ಮಾಸ್ತಮ್ಮನ ಕಡೆ ತಿರುಗಿ ಕೈ ಮುಗಿದ. ಅತ್ತಿಗೆ ಎಂದ, ಮುಂದೆ ಮಾತು ಬರಲಿಲ್ಲ. ಅವನಿಗೆ ಮಾತು ಬರದೆ ಇರುವುದನ್ನು ಜನ್ನಾಪುರದವರು ನೋಡಿದ್ದರೆ ಡಾಕ್ಟರನ್ನು ಕರೆಸುತ್ತಿದ್ದರು.

ಮಾಸ್ತಮ್ಮ ತಲೆಯ ಮೇಲಿನ ಸೆರಗು ಸರಿಸಿದಳು.

"ಎಷ್ಟು ವರ್ಷ ಆ ಬೆನ್ನಿಗೆ ಕೊಬ್ರಿ ಎಣ್ಣೆ ಹಚ್ಚಿದೀನಿ" ಎಂದಳು. "ಮಳೆ ಸೋರಿತ್ತು ಅಂತಿದ್ರು. ಅದರ ಹಿಂದಿನ ರಾತ್ರಿ ಸೆಕೆಗೆ ಬಾಗಿಲು ತೆಕ್ಕೊಂಡು ಮಲಗಿದ್ವಿ, ಹನಿ ಮಳೆ ಇಲ್ಲ. ಜೀವಮಾನದಲ್ಲಿ ಸುಳ್ಳು ಹೇಳ್ದೋರಲ್ಲ, ಇದ್ಯಾಕೆ ಹೇಳಿದ್ರು ಅಂತ ನನಗೆ ತಲೆ ಕೆಟ್ಟುಹೋಗಿತ್ತು. ಕುಡಿದು ಬಿದ್ರೇನೋ ಅಂದ್ಕೊಂಡಿದ್ದೆ ಮಾರಾಯ."

"ಕುಡೀತಿರ್ಲಿಲ್ಲ ಅತ್ತಿಗೆ."

"ಈಗ ಗೊತ್ತಾಯ್ತಲ್ಲ" ಎಂದಳು. ಸೆರಗಿನಿಂದ ಮುಖ ಒರೆಸಿಕೊಂಡು, "ಇಪ್ಪತ್ತಾರು ವರ್ಷ ನಿನ್ನ ಮನೆ ಹಬ್ಬದಡುಗೆ ಮೊದಲು ನಮ್ಮನೆಗೇ ಯಾಕೆ ಬರ್ತಿತ್ತು ಅಂತಾನೂ ಗೊತ್ತಾಯ್ತು. ಹೋಳಿಗೆ ಚೆನ್ನಾಗಿರ್ತಿತ್ತು ಅಂತ ನಾನೂ ಕೇಳ್ಲಿಲ್ಲ."

ಶಿವರಾಜನಿಗೆ ನಗು ಬಂತು, ಅವನ ಹಿಂದೆ ಎಲ್ಲರಿಗೂ. ಮಾಸ್ತಮ್ಮನೂ ನಕ್ಕಳು. ದ್ವೀಪದ ಗಾರ್ಡು ಸೀಟಿ ಊದಿ, ಕೊನೆಯ ದೋಣಿ ಹೊರಡುತ್ತದೆಂದು ಎಲ್ಲರನ್ನೂ ಎಬ್ಬಿಸಿದ.

ಮಲ್ಪೆಯ ದಡದಲ್ಲಿ ಸಮತಾ ಟೀಚರ್ ಸ್ವಲ್ಪ ದೂರ ಹೋಗಿ ರೇಣುಕಾಪ್ರಸಾದನಿಗೆ ಫೋನು ಮಾಡಿದಳು. ರಂಗಪ್ಪ ಗಾಡಿಯ ಬಾಗಿಲಲ್ಲಿ ನಿಂತು ತಲೆ ಎಣಿಸಿದ. ಎರಡು ಸಲ ಹದಿಮೂರು ಬಂತು, ಮೂರನೇ ಸಲ ಹದಿನೈದು. ಟೀಚರ್ ಬಂದವಳು ನಿಂತುಕೊಂಡೇ ಹೇಳಿದಳು. ಬಿರುಕು ಮೇಲಿನಿಂದ ಒಳಗೆ ಇಳಿಯುತ್ತದೆ ಎನ್ನುವುದನ್ನು ಅವಳು ಹನ್ನೊಂದು ವರ್ಷದಿಂದ ಬೋರ್ಡಿನ ಮೇಲೆ ಬರೆದು ಹೇಳುತ್ತಿದ್ದಾಳೆ, ಕೆರೆಯ ಕೆಸರು ಅವಳಿಗೆ ಹೊಳೆದಿರಲಿಲ್ಲ.

"ಫೆಬ್ರವರಿಯಲ್ಲಿ ನಮ್ಮ ಒಂಬತ್ತನೇ ಕ್ಲಾಸು ಪೂರ್ತಿ ಬರುತ್ತೆ, ಎರಡು ಗಾಡಿ" ಎಂದಳು. "ನೀವೇ ಇರ್ಬೇಕು ಅಂತ ಹೇಳಿದೀನಿ. ಬಾರ್ಕೂರಲ್ಲಿ ಮಾತ್ರ ಇವತ್ತಿನ ಥರ ಮಾಡ್ಬೇಡಿ, ಮಕ್ಕಳು ನಿದ್ದೆ ಮಾಡ್ತವೆ. ಸುಳ್ಳು ಹೇಳಿ, ಹೇಳಿದ ಮೇಲೆ ಇದು ಸುಳ್ಳು ಅನ್ನಿ."

ರಂಗಪ್ಪ ಅವಳಿಗೂ ಕೈ ಮುಗಿದ. ಅವತ್ತು ಅವನ ಕೈಗೆ ಬೇರೆ ಕೆಲಸವೇ ಇರಲಿಲ್ಲ. ಸಮುದ್ರದ ಕಡೆ ತಿರುಗಿ ಇನ್ನೊಂದು ಸಲ ಮುಗಿದ, ಅದು ಜನಾರ್ದನನಿಗೆ.

ಗಾಡಿ ಹೊರಟಿತು. ಮೈಕು ಹಿಡಿಯಲು ಹೋದವನನ್ನು ಮಾಸ್ತಮ್ಮ ಕೈಸನ್ನೆ ಮಾಡಿ ತನ್ನ ಪಕ್ಕದ ಸೀಟಿಗೆ ಕರೆದಳು. ಇಬ್ಬರೂ ಗೋಡೆಯ ಹತ್ತಿರ ಕೂತು ಕಿಟ್ಟ ಒಡೆಯುವುದನ್ನು ನೋಡಿದಿರಲ್ಲ, ಆಸ್ಪತ್ರೆಯ ಗಾಡಿ ಬರುವ ತನಕ ನಮ್ಮನೆಯವರು ಏನು ಮಾತಾಡಿದರು ಎಂದು ಕೇಳಿದಳು. ರಂಗಪ್ಪ ಕಣ್ಣು ಮುಚ್ಚಿ ನೆನಪಿಸಿಕೊಂಡ. ಒಂದು ದೊಡ್ಡ ಮಾತು ಸೇರಿಸಬಹುದಿತ್ತು, ಸೇರಿಸಲಿಲ್ಲ.

"ಬುತ್ತಿಯಲ್ಲಿ ಬದನೆಕಾಯಿ ಎಣ್ಣೆಗಾಯಿ ಇದೆ, ಕೆಡೋದ್ರೊಳಗೆ ನೀನು ತಿಂದ್ಬಿಡು ಅಂದ."

"ತಿಂದ್ಯಾ?"

"ತಿಂದೆ ಅತ್ತಿಗೆ. ಅಳ್ತಾ ತಿಂದೆ. ಉಪ್ಪು ಜಾಸ್ತಿ ಇತ್ತು."

"ಅವತ್ತು ಜಾಸ್ತಿ ಬಿದ್ದಿತ್ತು" ಎಂದು ಮಾಸ್ತಮ್ಮ ಒಪ್ಪಿಕೊಂಡಳು. ಮತ್ತೇನಂದರು ಎಂದು ಕೇಳಿದಳು. ಘಾಟಿಯ ಒಂದೊಂದು ತಿರುವಿಗೂ ಒಂದೊಂದು ಕೇಳುತ್ತ ಹೋದಳು, ರಂಗಪ್ಪ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತ ಹೋದ.