ಬಲಗೈ ಭಾರವಾಗಿದೆ

ಬೊಖುಮ್ ಊರಿನ ವಯಸ್ಕರ ಶಾಲೆಯಲ್ಲಿ, ಮೈಮನ ಸಡಿಲಿಸುವುದನ್ನು ಕಲಿಸುವ ತರಗತಿಯಲ್ಲಿ, ಹೈಡ್ರುನ್ ವೊಯ್ಟೆಕ್ ಇಪ್ಪತ್ತೇಳು ವರ್ಷಗಳಿಂದ ಒಂದೇ ವಾಕ್ಯ ಹೇಳಿಕೊಂಡು ಬಂದಿದ್ದಳು: 'ನನ್ನ ಬಲಗೈ ಭಾರವಾಗಿದೆ.' ಮಂಗಳವಾರ ಸಂಜೆ ಐದು ಗಂಟೆಗೆ ಹತ್ತು ಹನ್ನೆರಡು ಜನ ದಪ್ಪ ಉಣ್ಣೆಯ ಕಾಲುಚೀಲ ಹಾಕಿಕೊಂಡು, ಕಂಬಳಿ ಹೊದ್ದು ಚಾಪೆಗಳ ಮೇಲೆ ಮಲಗುವರು. ಅವಳು ಹೇಳಿದ್ದನ್ನು ಅವರು ಮನಸ್ಸಿನಲ್ಲೇ ಹೇಳಿಕೊಳ್ಳಬೇಕು. ಬಲಗೈ ಭಾರ, ಆಮೇಲೆ ಬಲಗೈ ಬೆಚ್ಚಗೆ, ಆಮೇಲೆ ಇಷ್ಟವಾದ ಜಾಗವೊಂದನ್ನು ಕಣ್ಮುಂದೆ ತಂದುಕೊಳ್ಳುವುದು. ಕೊನೆಗೆ ವಾಪಸ್ಸಾಗುವುದು: ತೋಳು ಮಡಚಿ ಚಾಚಬೇಕು, ಆಳವಾಗಿ ಉಸಿರೆಳೆಯಬೇಕು, ಕಣ್ಣು ಬಿಡಬೇಕು. ವಾಪಸ್ಸಾಗುವುದನ್ನು ಮರೆತರೆ ಆಮೇಲೂ ಮೈ ಜೋಲು ಬಿದ್ದಂತಿರುತ್ತದೆ ಎಂದು ಪ್ರತಿ ಸಲ ಎಚ್ಚರಿಸುವಳು. ಪರೀಕ್ಷೆಯ ಭಯದವರು, ಸಿಗರೇಟು ಬಿಡಲಾಗದವರು, ಮೇಲಧಿಕಾರಿಯ ಮುಖ ಕಂಡರೆ ದಾರಿ ಬದಲಿಸುವವರು, ಎಲ್ಲರೂ ಅಷ್ಟಿಷ್ಟು ಸುಧಾರಿಸಿಕೊಂಡು ಹೋಗಿದ್ದರು.

ಹೇಳಿಕೊಡುವವಳ ಪಾಡು ಬೇರೆಯೇ ಇತ್ತು. ಹೋದ ಚಳಿಗಾಲ ಗಂಡ ಲೋಥಾರನಿಗೆ ಲಕ್ವ ಹೊಡೆದು, ಮೂವತ್ತು ವರ್ಷ ಟ್ರ್ಯಾಮ್ ಓಡಿಸಿದ ಬಲಗೈ ಬಿದ್ದುಹೋಯಿತು. ಮಾತು ಎರಡೇ ವಾರಕ್ಕೆ ಮರಳಿತು, ಅದರ ಜೊತೆ ಕೊಂಕೂ ಮರಳಿತು. ಎಡಗೈಯಿಂದ ಬಲಗೈಯನ್ನು ಹಿಡಿದು ದಿನಕ್ಕೆ ನಾಲ್ಕು ಸಲ ಮಡಚಿ ಚಾಚಬೇಕು, ಆಗ ಅದು ತಾನಾಗಿಯೇ ಏಳುತ್ತಿದೆಯೆಂದು ಮನಸ್ಸಿನಲ್ಲಿ ಕಾಣಬೇಕು ಎಂದು ಆಸ್ಪತ್ರೆಯವರು ಹೇಳಿ ಕಳಿಸಿದ್ದರು. ಅವನು ಅದನ್ನು ಮುಟ್ಟಲೇ ಒಪ್ಪಲಿಲ್ಲ.

"ಅದು ನಂದಲ್ಲ. ಯಾವನೋ ಬಾಡಿಗೆಯವನು ಬಂದು ಕೂತಿದಾನೆ. ಬಾಡಿಗೆನೂ ಕೊಡಲ್ಲ, ಜಾಗನೂ ಬಿಡಲ್ಲ."

"ಒಂದೇ ಒಂದ್ಸಲ ಮುಟ್ಟು ಲೋಥಾರ್. ನಂಗೋಸ್ಕರ."

"ನಿನ್ನ ನಿದ್ದೆ ಸ್ಕೂಲಲ್ಲಿ ಹೇಳ್ಕೋ ಹೋಗು. ಚೆನ್ನಾಗಿರೋ ಕೈನ ಭಾರ ಮಾಡ್ಕೊಳ್ಳೋ ಪೆದ್ದರು ಅಲ್ಲಿದಾರೆ."

ಹಾಗಾಗಿ ಮಡಚುವುದು, ಚಾಚುವುದು, ಅಂಗಿಯ ತೋಳಿಗೆ ಆ ಕೈ ತೂರಿಸುವುದು ಎಲ್ಲವೂ ಹೈಡ್ರುನ್‌ಳ ಪಾಲಿಗೇ ಬಂತು. ಆದರೂ ಬೆರಳುಗಳು ಒಳಕ್ಕೆ ಸುರುಟಿಕೊಳ್ಳತೊಡಗಿದ್ದವು. ಅವನೇ ಮನಸ್ಸು ಮಾಡದಿದ್ದರೆ ಬೇಸಿಗೆಯ ಹೊತ್ತಿಗೆ ಕೈ ಪೂರ್ತಿ ಸೆಟೆದುಹೋಗುತ್ತದೆ ಎಂದು ಆಸ್ಪತ್ರೆಯವರು ಹೇಳಿದ್ದರು. ಅವಳಿಗೆ ಸಾಕುಸಾಕಾಗಿ ಹೋಗಿತ್ತು. ತಾನೇ ಮಲಗಿ 'ಬಲಗೈ ಭಾರವಾಗಿದೆ' ಎಂದುಕೊಂಡರೆ ಕಣ್ಣಿಗೆ ಬರುವುದು ಅವನ ಕೈ. ಒಂದು ವರ್ಷದಿಂದ ಆ ವಾಕ್ಯ ಅವಳಿಗೆ ಯಾವ ನೆಮ್ಮದಿಯನ್ನೂ ಕೊಟ್ಟಿರಲಿಲ್ಲ. ಆದರೂ ಮಂಗಳವಾರ ಬಂದರೆ ಹೋಗಿ ಹೇಳಲೇಬೇಕು.

ಒಂದು ಮಂಗಳವಾರ, ಲೋಥಾರನ ಬಳಿ ಕೂರುತ್ತಿದ್ದ ನಾದಿನಿಗೆ ಜ್ವರ ಬಂತು. ಬೇರೆ ದಾರಿ ಕಾಣದೆ ಹೈಡ್ರುನ್ ಅವನ ಗಾಲಿಕುರ್ಚಿಯನ್ನು ತಳ್ಳಿಕೊಂಡೇ ತರಗತಿಗೆ ಬಂದಳು. ಹಿಂದುಗಡೆ, ಕಿಟಕಿಯ ಪಕ್ಕ ನಿಲ್ಲಿಸಿದಳು.

ಎಲ್ಲರೂ ಮಲಗಿ ಕಣ್ಣು ಮುಚ್ಚಿದರು. ಹೈಡ್ರುನ್ ಕಿಟಕಿಯತ್ತ ನೋಡದೆ ಚಾಪೆಗಳ ಮುಂದೆ ನಿಂತಳು. ಅವನೆದುರು ಆ ವಾಕ್ಯವನ್ನು ಹೇಗೆ ಹೇಳುವುದು?

"ನನ್ನ... ನನ್ನ ಎಡಗೈ ಭಾರವಾಗಿದೆ."

ಒಂಬತ್ತು ವರ್ಷದಿಂದ ತಪ್ಪದೆ ಬರುತ್ತಿದ್ದ ಬೇಕರಿಯ ಫ್ರಾವ್ ಪ್ಲಾಶ್ಕೆ ಒಂದು ಕಣ್ಣು ತೆರೆದಳು. "ಎಡಗೈನಾ? ನಾನು ಆಗ್ಲೇ ಬಲಗೈನ ಅರ್ಧ ಭಾರ ಮಾಡ್ಕೊಂಡಿದೀನಲ್ರೀ, ಈಗ ಅದನ್ನೇನು ಮಾಡ್ಲಿ?"

ಹಿಂದಿನಿಂದ ಲೋಥಾರನ ದನಿ ಬಂತು. "ಬಲಗೈ ಅಂತ್ಲೇ ಹೇಳು, ಹೈಡ್ರುನ್. ಇಷ್ಟು ಜನರಲ್ಲಿ ಆ ಪಾಠ ಪೂರ್ತಿ ಬರೋದು ನನಗೊಬ್ಬನಿಗೇ. ಅದನ್ನೂ ಕಿತ್ಕೋಬೇಡ."

ಯಾರೋ ಕಂಬಳಿಯೊಳಗೆ ಕಿಸಕ್ಕೆಂದರು. ಹೈಡ್ರುನ್‌ಗೆ ಮೈಯೆಲ್ಲ ಉರಿಯಿತು. ಆ ಸಿಟ್ಟಿನಲ್ಲೇ ಹೇಳಿದಳು: "ನನ್ನ ಬಲಗೈ ಭಾರವಾಗಿದೆ." ಭಾರ ಮುಗಿಯಿತು, ಬಿಸಿ ಮುಗಿಯಿತು, ಇಷ್ಟವಾದ ಜಾಗವೂ ಮುಗಿಯಿತು. ಆಮೇಲಷ್ಟೇ ಅವನತ್ತ ನೋಡುವ ಧೈರ್ಯ ಬಂತು. ಲೋಥಾರ್ ಕಣ್ಣು ಮುಚ್ಚಿದ್ದ. ನಿದ್ದೆ ಹೋಗಿದ್ದರೆ ಹೋಗಲಿ, ಅಷ್ಟು ಹೊತ್ತಾದರೂ ನನ್ನನ್ನು ಕರೆಯುವುದಿಲ್ಲ ಅಂದುಕೊಂಡಳು.

"ತೋಳು ಮಡಚಿ. ಚಾಚಿ."

ಚಾಪೆಗಳ ಮೇಲೆ ತೋಳುಗಳು ಎದ್ದವು. ಲೋಥಾರನ ಎಡಗೈ ಒಂಟಿಯಾಗಿ ಮೇಲೆದ್ದು, ಅಲ್ಲೇ ತಡೆದು ನಿಂತಿತು. ಆಮೇಲೆ ಮೆಲ್ಲಗೆ ಇಳಿದು, ತೊಡೆಯ ಮೇಲೆ ತಡಕಾಡಿ, ಬಲಗೈಯ ಮಣಿಕಟ್ಟು ಹಿಡಿಯಿತು. ಮಡಚಿತು. ಜಾರಿತು. ಮತ್ತೆ ಹಿಡಿಯಿತು, ಮಡಚಿತು, ಚಾಚಿತು. ಮುಚ್ಚಿದ ಕಣ್ಣುಗಳ ಕೆಳಗೆ ತುಟಿ ಅಲುಗುತ್ತಿತ್ತು. ಒಳಗೆ ಏನು ಕಾಣುತ್ತಿದ್ದನೋ, ಅವನು ಮುಂದೆಂದೂ ಹೇಳಲಿಲ್ಲ, ಅವಳು ಕೇಳಲೂ ಇಲ್ಲ.

"ಆಳವಾಗಿ ಉಸಿರು," ಎಂದಳು ಹೈಡ್ರುನ್. ಕೊನೆಯ ಮಾತನ್ನು ಬೇಕೆಂದೇ ತಡೆದಳು. ಕಣ್ಣು ಬಿಡಿ ಎಂದರೆ ಎಲ್ಲರೂ ಎದ್ದು ಹಿಂದಿರುಗಿ ನೋಡುತ್ತಾರೆ, ಅವನು ಆ ಕೈಯನ್ನು ಬಿಟ್ಟುಬಿಡುತ್ತಾನೆ. ಅವಳು ಗೋಡೆಗೆ ಬೆನ್ನು ಕೊಟ್ಟು ಹಾಗೇ ನೆಲಕ್ಕೆ ಕುಸಿದು ಕೂತಳು.

ಸ್ವಲ್ಪ ಹೊತ್ತಿಗೆ ಫ್ರಾವ್ ಪ್ಲಾಶ್ಕೆ ಕೇಳಿದಳು, "ಏನ್ರೀ ಫ್ರಾವ್ ವೊಯ್ಟೆಕ್, ಕಣ್ಣು ಬಿಡೋದಾ, ಬೇಡ್ವಾ?"

"ಬೇಡ," ಎಂದಳು ಹೈಡ್ರುನ್, ಕೆನ್ನೆ ಒರೆಸಿಕೊಳ್ಳದೆ. "ಇನ್ನೂ ಸ್ವಲ್ಪ ಹೊತ್ತು ಎಲ್ಲರೂ ಹಾಗೇ ಇರಿ."