ಪಾರ್ಕ್ ರಾಯಲ್‌ನಲ್ಲಿ ಮಂಗಳ

ನಮ್ಮ ಬ್ಯಾಂಡಿನ ಕೊನೆಯ ಆಲ್ಬಂ ಮುಗಿಯದೇ ಇದ್ದದ್ದಕ್ಕೆ ಕಾರಣ ಸಂಗೀತವಲ್ಲ ಎಂಬುದು ನಾಲ್ವರಿಗೂ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಬಿಡದೆ ಪ್ರತಿ ಶನಿವಾರ ಕ್ರೋಯ್ಡನ್ನಿನಿಂದ ಡ್ರಮ್ಮರನ ವ್ಯಾನಿನಲ್ಲಿ ಹೊರಟು, ಲಂಡನ್ನಿನ ಅರ್ಧ ಸುತ್ತು ಹಾಕಿ, ಪಾರ್ಕ್ ರಾಯಲ್‌ನ ಗೋದಾಮುಗಳ ನಡುವೆ ಕಿಟಕಿಯೇ ಇಲ್ಲದ ಒಂದು ರೆಕಾರ್ಡಿಂಗ್ ಕೋಣೆಗೆ ಹೋಗಿ ಕೂರುತ್ತಿದ್ದೆವು. ಪಕ್ಕದ ಶೆಡ್ಡಿನಲ್ಲಿ ಅಂಗಡಿಗಳಿಗೆ ಕಳಿಸಲು ಈರುಳ್ಳಿ ಹುರಿಯುತ್ತಿದ್ದರು. ಮನೆಗೆ ಬಂದು ತಲೆಗೆ ಸ್ನಾನ ಮಾಡಿದರೂ ಆ ವಾಸನೆ ಬಿಡುತ್ತಿರಲಿಲ್ಲ. "ಏನೇ, ನೀನು ಬ್ಯಾಂಡಿಗೆ ಹೋಗ್ತೀಯೋ, ಬಜ್ಜಿ ಅಂಗಡಿಗೆ ಹೋಗ್ತೀಯೋ?" ಎಂದು ನನ್ನ ಗಂಡ ರೇಗಿಸುತ್ತಿದ್ದ.

ನಾನು ಮೈಸೂರಿನಲ್ಲಿ ಪಿಟೀಲು ಕಲಿತವಳು. ಕ್ರೋಯ್ಡನ್ನಿನ ಫ್ಲಾಟಿಗೆ ಬಂದ ಹೊಸತರಲ್ಲಿ ಒಂದು ಭಾನುವಾರ ಅಭ್ಯಾಸ ಮಾಡುತ್ತಿದ್ದಾಗ ಪಕ್ಕದ ಫ್ಲಾಟಿನ ಗಂಡ ಹೆಂಡತಿ ಬಂದು ಬಾಗಿಲು ತಟ್ಟಿದರು. ಗಲಾಟೆ ಎಂದು ಬೈಯಲು ಬಂದಿದ್ದಾರೆ ಅಂದುಕೊಂಡು ಕ್ಷಮೆ ಕೇಳಲು ತಯಾರಾಗಿಯೇ ಬಾಗಿಲು ತೆಗೆದೆ. ಅವರು ಕೇಳಿದ್ದೇ ಬೇರೆ. ಅವನು ಹಾಡುಗಾರ, ಅವಳು ಬೇಸ್ ಗಿಟಾರ್ ನುಡಿಸುವವಳು, ಅವರ ಬ್ಯಾಂಡಿಗೆ ಪಿಟೀಲು ಬೇಕಿತ್ತು. ಅವರದು ಆಲ್ಟ್-ಕಂಟ್ರಿ ಎಂಬ ಜಾತಿಯ ಸಂಗೀತ. ಅಮೆರಿಕದ ಹಳ್ಳಿ ಕಡೆಯ ಹಾಡಿನ ಸಿಂಗಾರವನ್ನೆಲ್ಲ ಕಳಚಿ, ಗಿಟಾರಿನ ಗದ್ದಲ ಸೇರಿಸಿ, ಸಂಕಟಪಟ್ಟುಕೊಂಡು ಹಾಡುವುದು. ಅವನ ಹಾಡುಗಳ ತುಂಬ ಹೆದ್ದಾರಿ, ಲಾರಿ, ಧೂಳು. ಅವನಿಗೆ ಮಾತ್ರ ಡ್ರೈವಿಂಗ್ ಲೈಸೆನ್ಸೇ ಇರಲಿಲ್ಲ, ಟ್ರಾಮಿನಲ್ಲಿ ಓಡಾಡುತ್ತಿದ್ದ. ನನಗೆ ಇದೆಲ್ಲ ಬಹಳ ಇಷ್ಟವಾಯಿತು. ಆಫೀಸಿನಲ್ಲಿ ವಾರವಿಡೀ ಕಂಪ್ಯೂಟರ್ ಎದುರು ಕೂತು ಒಣಗುತ್ತಿದ್ದವಳಿಗೆ ಆ ಶನಿವಾರಗಳು ಹಬ್ಬವಾಗಿದ್ದವು. ವರ್ಷಗಟ್ಟಲೆ ಹಾಗೇ ನಡೆಯಿತು.

ಆಮೇಲೆ ಗೋಡೆಯಾಚೆ ಜಗಳ ಕೇಳಿಸತೊಡಗಿತು. ಕೊನೆಗೆ ಜಗಳವೂ ನಿಂತುಹೋಯಿತು, ಅದು ಇನ್ನೂ ಕೆಟ್ಟದ್ದಾಗಿತ್ತು. ಒಂದು ಸಂಜೆ ಲಿಫ್ಟಿನಲ್ಲಿ ನಾವಿಬ್ಬರೇ ಇದ್ದಾಗ ಅವಳೇ ಹೇಳಿದಳು. "ನಾವು ಬೇರೆ ಆಗ್ತಾ ಇದೀವಿ. ಈ ಆಲ್ಬಂ ಮುಗಿಯೋವರೆಗೆ ಇರ್ತೀನಿ ಅಂತ ಅವನಿಗೆ ಮಾತು ಕೊಟ್ಟಿದೀನಿ. ಅಲ್ಲೀವರೆಗೆ ನೀನೂ ಬಿಟ್ಟು ಹೋಗಬೇಡ." ಲಿಫ್ಟಿನೊಳಗೆ, ಮೊಳದಷ್ಟು ದೂರದಲ್ಲಿ ನಿಂತು ಕಣ್ಣಲ್ಲಿ ನೀರು ತುಂಬಿಕೊಂಡು ಕೇಳಿದರೆ ಇಲ್ಲ ಎನ್ನುವುದು ಹೇಗೆ? ಹೂಂ ಅಂದೆ. ಅಂದವಳು ಸಿಕ್ಕಿಬಿದ್ದೆ.

ಅವನ ಲೆಕ್ಕ ಸರಳವಾಗಿತ್ತು. ಆಲ್ಬಂ ಮುಗಿದರೆ ಹೆಂಡತಿ ಹೋಗುತ್ತಾಳೆ, ಆದ್ದರಿಂದ ಆಲ್ಬಂ ಮುಗಿಯಕೂಡದು. ಉಳಿದ ಹಾಡುಗಳೆಲ್ಲ ಸಲೀಸಾಗಿ ಆದವು. ಕೊನೆಯ ಹಾಡು ಮಾತ್ರ ಚಳಿಗಾಲ ಕಳೆದರೂ ಆಗಲಿಲ್ಲ. ಒಮ್ಮೆ ಡ್ರಮ್ ಜೋರಾಯಿತು ಎನ್ನುವನು, ಒಮ್ಮೆ ತನ್ನ ಗಂಟಲು ಸರಿಯಿಲ್ಲ ಎನ್ನುವನು, ಏನೂ ಸಿಗದಿದ್ದರೆ "ಏನೋ ಕಮ್ಮಿ ಇದೆ, ಇನ್ನೊಂದೇ ಒಂದು ಸಲ" ಎನ್ನುವನು. ಹಾಡುವವನೂ ಅವನೇ, ರೆಕಾರ್ಡ್ ಮಾಡುವವನೂ ಅವನೇ. ಬಾಗಿಲ ಮೇಲಿನ ಕೆಂಪು ದೀಪ ಉರಿಯುತ್ತಿದ್ದರೆ ಯಾರೂ ಕೆಮ್ಮುವಂತಿಲ್ಲ, ಬಾಗಿಲು ತೆಗೆಯುವಂತಿಲ್ಲ. ಆ ದೀಪದ ಸ್ವಿಚ್ಚು ಅವನ ಕೈಯಲ್ಲೇ ಇತ್ತು.

ಡ್ರಮ್ಮರ್ ವಾರವೆಲ್ಲ ಬಸ್ ಓಡಿಸುವ ಸಾಧು ಮನುಷ್ಯ. "ಬಸ್ಸಿಗಾದ್ರೂ ಕೊನೇ ಸ್ಟಾಪ್ ಅಂತ ಒಂದಿರುತ್ತೆ," ಎಂದು ಒಮ್ಮೆ ನನ್ನ ಕಿವಿಯಲ್ಲಿ ಗೊಣಗಿದ. ಕ್ವೀನ್ಸ್‌ಬರಿಯಲ್ಲಿ ನನ್ನ ಗೆಳತಿಯ ಮನೆಯ ಗೃಹಪ್ರವೇಶ ಒಂದು ಶನಿವಾರವೇ ಬಂತು. ಅದೂ ತಪ್ಪಿತು. ಹಾಡುಗಾರನ ಮೇಲೆ ನನಗೆ ಕನಿಕರವಿತ್ತು ನಿಜ, ಅದಕ್ಕಿಂತ ಹೆಚ್ಚು ಸಿಟ್ಟಿತ್ತು. ಅವನ ಸಂಸಾರ ಉಳಿಸಲು ನಾನು ಯಾಕೆ ಈರುಳ್ಳಿ ವಾಸನೆಯಲ್ಲಿ ಬೇಯಬೇಕು? ತಪ್ಪಿಸಿಕೊಳ್ಳೋಣವೆಂದರೆ ಪಕ್ಕದ ಮನೆ. ಬೆಳಿಗ್ಗೆ ಎದ್ದರೆ ಅವರದೇ ಮುಖ.

ಅಂದಿನ ಶನಿವಾರವೂ ಕೊನೆಯ ಹಾಡನ್ನು ಮತ್ತೆ ನುಡಿಸಿದೆವು. ಹಾಡು ಮುಗಿಯಿತು, ಅವನು ಗಿಟಾರ್ ಕೆಳಗಿಟ್ಟು ಲ್ಯಾಪ್‌ಟಾಪಿನ ಕಡೆ ಬಗ್ಗಿದ. ರೆಕಾರ್ಡಿಂಗ್ ಇನ್ನೂ ನಿಂತಿರಲಿಲ್ಲ. ನನ್ನ ಕಮಾನೂ ನಿಲ್ಲಲಿಲ್ಲ. ಅದೇ ಶ್ರುತಿಯಲ್ಲಿ ಮಂಗಳಕ್ಕೆ ಇಳಿಯಿತು.

ಮೈಸೂರಿನ ನಮ್ಮ ಮೇಷ್ಟ್ರು ಮಂಗಳದ ವಿಷಯದಲ್ಲಿ ಬಲು ಕಟ್ಟುನಿಟ್ಟು. ಕಛೇರಿಯ ಕೊನೆಗೆ ಮಂಗಳ ನುಡಿಸಿದರೆ ಮುಗಿಯಿತು, ಆ ದಿನ ಮತ್ತೆ ಕಮಾನು ತಂತಿಗೆ ತಾಗಕೂಡದು. ಪಾಠ ಬೇಗ ಮುಗಿಯಲಿ ಎಂದು ನಾವು ಮಕ್ಕಳು ಬೇಕೆಂದೇ ಮಂಗಳ ಎತ್ತಿಕೊಂಡರೆ ಕಣ್ಣು ಕೆಂಪು ಮಾಡುತ್ತಿದ್ದರು, ಆದರೆ ತಡೆಯುತ್ತಿರಲಿಲ್ಲ. ಶುರುವಾದ ಮಂಗಳವನ್ನು ನಡುವೆ ನಿಲ್ಲಿಸಬಾರದು ಎಂಬುದೂ ಅವರದೇ ನಿಯಮ. ಪಾರ್ಕ್ ರಾಯಲ್‌ನಲ್ಲಿ ಅದನ್ನೆಲ್ಲ ಯೋಚಿಸಿ ನುಡಿಸಿದೆ ಎಂದರೆ ಸುಳ್ಳಾದೀತು. ಕೈಗೆ ಸಾಕಾಗಿತ್ತು, ಅಷ್ಟೇ.

ನಾನು ನಿಲ್ಲಿಸಿದಾಗ ಹಾಡುಗಾರನ ಮುಖ ಅರಳಿತ್ತು. "ಕಮ್ಮಿ ಇದ್ದದ್ದು ಇದೇ! ಆಲ್ಬಂ ಇದರಿಂದಲೇ ಶುರು ಮಾಡೋಣ. ಮಿಕ್ಕ ಹಾಡನ್ನೆಲ್ಲ ಇದಕ್ಕೆ ಹೊಂದಿಸಿ ಮೊದಲಿಂದ ರೆಕಾರ್ಡ್ ಮಾಡೋಣ."

ಡ್ರಮ್ಮರ್ ಕಣ್ಣು ಮುಚ್ಚಿಕೊಂಡ. ತಪ್ಪಿಸಿಕೊಳ್ಳಲು ಸಿಕ್ಕ ದಾರಿಗೇ ಅವನು ಒಳಗಿನಿಂದ ಚಿಲಕ ಹಾಕಿಬಿಟ್ಟಿದ್ದ. ಅಲ್ಲದೆ ಮಂಗಳದಿಂದ ಶುರು ಮಾಡುವುದೆಂದರೇನು? ಎಲೆ ಹಾಕಿ ಮೊದಲಿಗೇ ಮಜ್ಜಿಗೆ ಅನ್ನ ಬಡಿಸಿದ ಹಾಗೆ.

"ಎಲ್ಲಿ, ಇನ್ನೊಂದು ಸಲ ನುಡಿಸು," ಎಂದ.

"ಆಗಲ್ಲ. ಇದು ಕೊನೆಗೆ ನುಡಿಸೋದು. ಇದಾದ ಮೇಲೆ ಇವತ್ತಿಗೆ ಇನ್ನೇನೂ ನುಡಿಸಬಾರದು."

"ಅದು ನಿಮ್ಮ ಕಡೆ ಪದ್ಧತಿ. ಇಲ್ಲಿ ಯಾರಿಗೆ ಗೊತ್ತಾಗುತ್ತೆ?"

"ನನಗೆ ಗೊತ್ತಾಗುತ್ತೆ," ಎಂದೆ. ದನಿ ನಾನಂದುಕೊಂಡದ್ದಕ್ಕಿಂತ ಜೋರಾಗಿತ್ತು. ನಾನೇನು ಮಹಾ ಸಂಪ್ರದಾಯಸ್ಥೆಯಲ್ಲ, ಆದರೆ ಆ ಕೋಣೆಯಲ್ಲಿ ನನ್ನದು ಅಂತ ಉಳಿದಿದ್ದದ್ದು ಅದೊಂದೇ.

ಅಷ್ಟು ಹೊತ್ತು ಮೂಲೆಯ ಸ್ಟೂಲಿನ ಮೇಲೆ ಸುಮ್ಮನೆ ಕೂತಿದ್ದ ಅವನ ಹೆಂಡತಿ ತಲೆಯೆತ್ತಿದಳು. "ಅದು ನುಡಿಸಿದ ಮೇಲೆ ನಿಮ್ಮ ಕಡೆ ಜನ ಏನ್ ಮಾಡ್ತಾರೆ?"

"ಎದ್ದು ಮನೆಗೆ ಹೋಗ್ತಾರೆ," ಎಂದೆ.

ಅವಳು ಎದ್ದಳು. ಗಿಟಾರಿನ ಪಟ್ಟಿಯನ್ನು ಕೊರಳಿನಿಂದ ತೆಗೆದಳು. ವೈರನ್ನು ಕಿತ್ತು, ಮೊಣಕೈಗೆ ಸುತ್ತಿ ಸುತ್ತಿ ಅಚ್ಚುಕಟ್ಟಾಗಿ ಚೀಲದೊಳಗಿಟ್ಟಳು. ಚೀಲ ಬೆನ್ನಿಗೇರಿಸಿಕೊಂಡು ಬಾಗಿಲ ಹತ್ತಿರ ಹೋದಾಗ ಅವನು ಅಲ್ಲಿಂದಲೇ, "ಬಾಗಿಲು ತೆಗೀಬೇಡ. ದೀಪ ಉರೀತಾ ಇದೆ," ಎಂದ. ಮಗು ಬೇಡಿಕೊಂಡ ಹಾಗಿತ್ತು ಅವನ ದನಿ.

"ಮುಗೀತು ಕಣೋ," ಎಂದಳು ಅವಳು. "ಚೆನ್ನಾಗೇ ಮುಗೀತು."

ಭಾರದ ಬಾಗಿಲು ತೆರೆದುಕೊಂಡಿತು. ಈರುಳ್ಳಿ ವಾಸನೆ, ಹೊರಗೆ ಯಾವುದೋ ಲಾರಿ ಹಿಂದಕ್ಕೆ ಬರುವ ಪೀ ಪೀ ಸದ್ದು, ಮಧ್ಯಾಹ್ನದ ಬೆಳಕು ಎಲ್ಲ ಒಟ್ಟಿಗೆ ಒಳಗೆ ಬಂದವು. ಅವಳು ಟ್ಯೂಬ್ ರೈಲಿನ ಸ್ಟೇಷನ್ನಿನ ಕಡೆ ನಡೆದುಕೊಂಡು ಹೋದಳು. ನಾವು ಮೂವರು ವ್ಯಾನಿನಲ್ಲಿ ಕ್ರೋಯ್ಡನ್ನಿಗೆ ಬಂದೆವು. ಬಿಡುಗಡೆಗಾಗಿ ಅಷ್ಟು ಹಂಬಲಿಸಿದ್ದೆ. ಸಿಕ್ಕಾಗ ಅವಳು ಕೂರುತ್ತಿದ್ದ ಸೀಟನ್ನೇ ಮತ್ತೆ ಮತ್ತೆ ನೋಡುತ್ತಾ ಬಂದೆ.

ಅವಳು ಫ್ಲಾಟು ಬಿಟ್ಟು ಹೋದಳು. ಆಲ್ಬಂ ಹೊರಬಂತು. ಕೊನೆಯ ಹಾಡಿನ ಹಿಂದೆ ನನ್ನ ಮಂಗಳವಿದೆ, ನಮ್ಮ ವಾದವನ್ನಷ್ಟೇ ಕತ್ತರಿಸಿದ್ದಾನೆ. ಆಮೇಲೆ ಅವನ ದನಿ, ಅವಳ ಎರಡು ಮಾತು, ಬಾಗಿಲು, ಲಾರಿ. ಅದನ್ನೆಲ್ಲ ಅಳಿಸದೆ ಹಾಗೇ ಬಿಟ್ಟಿದ್ದಾನೆ. ಕೇಳಿದವರು ಒಳ್ಳೇ ಐಡಿಯಾ ಎನ್ನುತ್ತಾರೆ. ನಾನು ಅದನ್ನು ಪೂರ್ತಿ ಕೇಳಿದ್ದು ಒಂದೇ ಸಲ.

ಮೊನ್ನೆ ಅವನು ಲಿಫ್ಟಿನಲ್ಲಿ ಸಿಕ್ಕಿದ. ಕೈಯಲ್ಲಿ ಒಬ್ಬನಿಗೆ ಆಗುವಷ್ಟು ಸಾಮಾನಿನ ಚೀಲ.

"ಒಂದು ಕೇಳ್ಲಾ? ಆ ಮಂಗಳ ಆದ ಮೇಲೆ, ಅದೇ ಜನ ಮತ್ತೆ ಸೇರಿ ನುಡಿಸೋದೇ ಇಲ್ವಾ?"

ನುಡಿಸುತ್ತಾರೆ, ಮಾರನೇ ದಿನವೇ ನುಡಿಸುತ್ತಾರೆ. ಅದನ್ನು ಹೇಳಿದರೆ ಮತ್ತೆ ಕಾಯುತ್ತಾ ಕೂರುತ್ತಾನೆ ಎಂದು ನನಗೆ ಗೊತ್ತಿತ್ತು.

"ನುಡಿಸ್ತಾರೆ," ಎಂದೆ. "ಆದ್ರೆ ಅದು ಬೇರೆ ಕಛೇರಿ."

ನಮ್ಮ ಮಹಡಿ ಬಂತು. ನಾನು ಇಳಿದೆ, ಅವನು ಇಳಿಯಲಿಲ್ಲ. ಬಾಗಿಲು ಮುಚ್ಚದಂತೆ ಹೊರಗಿನ ಗುಂಡಿ ಒತ್ತಿಕೊಂಡು, ಅವನು ಹೊರಗೆ ಬರುವವರೆಗೆ ಅಲ್ಲೇ ನಿಂತಿದ್ದೆ.